ಒಂದು ಮನೆ, ಮೂರು ಮರೆವು

ಪ್ರಶ್ನೆ: ನನಗೆ 48 ವರ್ಷ. ಉಡುಪಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಒಂದೂವರೆ ವರ್ಷದಿಂದ ಮಕ್ಕಳ ಹೆಸರು ನಾಲಗೆ ತುದಿಗೆ ಬಂದು ನಿಂತುಬಿಡುತ್ತದೆ. ಫ್ರಿಜ್ ಬಾಗಿಲು ತೆಗೆದು ಏಕೆ ತೆಗೆದೆ ಎಂದು ಯೋಚಿಸುತ್ತೇನೆ. ಮುಟ್ಟು ಏರುಪೇರಾಗಿದೆ, ರಾತ್ರಿ ಬೆವರಿ ಎಚ್ಚರವಾಗುತ್ತದೆ. ನನ್ನ ಗಂಡ ಬ್ಯಾಂಕಿನಿಂದ 60ಕ್ಕೆ ನಿವೃತ್ತರಾಗಿ ಹತ್ತು ತಿಂಗಳಾಯಿತು. ಮಧ್ಯಾಹ್ನ ಎರಡು ಗಂಟೆ ಮಲಗುತ್ತಾರೆ, ರಾತ್ರಿ ಒಂದರವರೆಗೆ ಮೊಬೈಲ್ ನೋಡುತ್ತಾರೆ, ‘ಎಂತದೂ ನೆನಪಿರುವುದಿಲ್ಲ’ ಅನ್ನುತ್ತಾರೆ. ಅತ್ತೆಗೆ 83. ಮೂರು ವರ್ಷದಿಂದ ಸ್ವಲ್ಪ ಸ್ವಲ್ಪ ಮರೆವು ಇತ್ತು. ಈಗ ಹತ್ತು ದಿನದಿಂದ ದೀಪ ಹಚ್ಚುವ ಹೊತ್ತಿಗೆ ‘ನಾನು ಮನೆಗೆ ಹೋಗಬೇಕು’ ಎಂದು ಬಾಗಿಲ ಕಡೆ ಹೊರಡುತ್ತಾರೆ, ಹಗಲಲ್ಲಿ ಕೂತಲ್ಲೇ ತೂಕಡಿಸುತ್ತಾರೆ. ನೆಂಟರೆಲ್ಲ ‘ಪ್ರಾಯ ಆಯ್ತಲ್ಲ’ ಅನ್ನುತ್ತಾರೆ. ಯಾವ ಪ್ರಾಯಕ್ಕೆ ಎಷ್ಟು ಮರೆವು ಸಹಜ? ‘ಅಮ್ಮಾ, ನಿಂಗೂ ಅಜ್ಜಿ ಹಾಗೇ ಆಗ್ತದೆ’ ಎಂದು 17 ವರ್ಷದ ಮಗಳು ತಮಾಷೆ ಮಾಡುತ್ತಾಳೆ. ನನಗೆ ತಮಾಷೆ ಅನ್ನಿಸುತ್ತಿಲ್ಲ.

ಉತ್ತರ: ಮಗಳಿಗೆ ಮೊದಲು ಒಂದು ಮಾತು ಹೇಳಿ. ಅಜ್ಜಿ ನಿಮಗೆ ಅತ್ತೆ, ರಕ್ತಸಂಬಂಧವಲ್ಲ. ವಂಶದ ಲೆಕ್ಕ ಹಾಕುವುದಿದ್ದರೆ ಅಪ್ಪನನ್ನೂ ತನ್ನನ್ನೂ ಸೇರಿಸಿಕೊಂಡು ಹಾಕಲಿ.

ಇನ್ನು ನಿಮ್ಮ ಪತ್ರ. ನೀವು ಮೂವರ ಪ್ರಾಯವನ್ನೂ ಬರೆದಿದ್ದೀರಿ, ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಪಕ್ಕದಲ್ಲಿ ಸಹಜವಾಗಿ ಬರೆದುಬಿಟ್ಟ ಇನ್ನೊಂದು ಲೆಕ್ಕ: ಒಂದೂವರೆ ವರ್ಷ, ಹತ್ತು ತಿಂಗಳು, ಹತ್ತು ದಿನ. ಮರೆವಿನ ವಿಷಯದಲ್ಲಿ ವೈದ್ಯ ಮೊದಲು ಹುಡುಕುವುದು ಇದನ್ನೇ. ಎಷ್ಟು ಪ್ರಾಯ ಎನ್ನುವುದು ಚೀಟಿಯ ಮೇಲೆಯೇ ಇರುತ್ತದೆ. ಯಾವಾಗಿನಿಂದ ಎನ್ನುವುದನ್ನು ಮನೆಯವರ ಬಾಯಿಂದ ತೆಗೆಯಬೇಕು, ಮತ್ತು ಹತ್ತರಲ್ಲಿ ಎಂಟು ಸಲ ಸಿಗುವ ಉತ್ತರ ‘ಹೀಗೇ ಡಾಕ್ಟ್ರೇ, ಸ್ವಲ್ಪ ಸಮಯದಿಂದ’. ನೀವು ಮೇಷ್ಟ್ರು, ಲೆಕ್ಕ ಸರಿಯಾಗಿ ಇಟ್ಟಿದ್ದೀರಿ.

ಹಾಗಾಗಿ ಅತ್ತೆಯಿಂದಲೇ ಶುರು. ಈ ಮನೆಯಲ್ಲಿ ತುರ್ತು ಇರುವುದು ಅವರದೊಬ್ಬರದೇ.

ಮೂರು ವರ್ಷದ ಮರೆವು ಒಂದು ಕಾಯಿಲೆ, ಹತ್ತು ದಿನದ ಗೊಂದಲ ಇನ್ನೊಂದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ಜಾಸ್ತಿಯಾಯಿತು’ ಎಂದು ಸುಮ್ಮನಾಗುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ತಪ್ಪು. ಆಲ್‌ಝೈಮರ್ಸ್‌ನಂಥ ಕಾಯಿಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಧಾನವಾಗಿ ಇಳಿಜಾರಿನಲ್ಲಿ ಇಳಿಯುತ್ತದೆ. ಅದು ಹತ್ತು ದಿನದ ಹಿಂದಿನ ಮಂಗಳವಾರ ಶುರುವಾಗುವುದಿಲ್ಲ. ಗಂಟೆಗಳಲ್ಲೋ ದಿನಗಳಲ್ಲೋ ಬಂದ ಗೊಂದಲ, ಜೊತೆಗೆ ಹಗಲಿನ ತೂಕಡಿಕೆ, ಸಂಜೆಗೆ ಏರುವ ಚಡಪಡಿಕೆ ಇವೆಲ್ಲ ಕೂಡಿದರೆ ಅದಕ್ಕೆ ನಾವು ಡೆಲಿರಿಯಂ ಅನ್ನುತ್ತೇವೆ. ಹಳಬರ ಮಾತಿನಲ್ಲಿ ಸನ್ನಿ. ಜ್ವರ ಬಂದು ಬಡಬಡಿಸಿದರೆ ಮಾತ್ರ ಸನ್ನಿ ಎಂದುಕೊಂಡಿದ್ದೇವೆ. ಪ್ರಾಯದವರಲ್ಲಿ ಅದು ಜ್ವರವೇ ಇಲ್ಲದೆ, ಸದ್ದಿಲ್ಲದೆ, ತೂಕಡಿಕೆಯ ರೂಪದಲ್ಲೂ ಬರುತ್ತದೆ. ‘ಪಾಪ, ಸುಮ್ಮನೆ ಮಲಗಿರ್ತಾರೆ, ಉಪದ್ರವಿಲ್ಲ’ ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವ ಮಾದರಿ ಇದು.

ಮೊದಲೇ ಮರೆವು ಇರುವ ಮಿದುಳಿಗೆ ಸನ್ನಿ ಹಿಡಿಯಲು ದೊಡ್ಡ ಕಾರಣ ಬೇಕಿಲ್ಲ. ಮೂತ್ರದ ಸೋಂಕು ಸಾಕು. ನಾಲ್ಕು ದಿನದ ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ಹೇಳಿಕೊಳ್ಳಲಾಗದ ಮಂಡಿನೋವು, ನೀರು ಕುಡಿಯದಿರುವುದು, ಯಾವುದೂ ಸಾಕು. ಕರಾವಳಿಯ ಸೆಕೆಯಲ್ಲಿ ನಾನು ಪದೇ ಪದೇ ನೋಡುವ ಇನ್ನೊಂದು ಕಾರಣ ಸೋಡಿಯಂ. ರಕ್ತದಲ್ಲಿ ಅದು 135ರಿಂದ 145ರ ನಡುವೆ ಇರಬೇಕು. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಾ, ‘ಉಪ್ಪು ಬೇಡ’ ಎಂಬ ಸಲಹೆಯನ್ನು ವ್ರತದಂತೆ ಪಾಲಿಸುತ್ತಾ, ದಿನಕ್ಕೆರಡು ಹೊತ್ತು ಬರೀ ಗಂಜಿ ಕುಡಿಯುವ ಅಜ್ಜಿಯ ಸೋಡಿಯಂ 118ಕ್ಕೆ ಇಳಿದಿರುತ್ತದೆ. ಬರುವಾಗ ಮಗನ ಹೆಸರು ಗೊತ್ತಿರುವುದಿಲ್ಲ. ಜಾಗ್ರತೆಯಿಂದ, ನಿಧಾನವಾಗಿ ಸರಿಪಡಿಸಿದರೆ ವಾರದೊಳಗೆ ಸೊಸೆ ಮಾಡಿದ ಸಾರಿನ ತಪ್ಪು ಹುಡುಕುವಷ್ಟು ಚುರುಕಾಗಿರುತ್ತಾರೆ.

ಮಾತ್ರೆಗಳ ಕಡೆಗೂ ಕಣ್ಣು ಹಾಯಿಸಿ. ಈ ಹತ್ತು ಹದಿನೈದು ದಿನದಲ್ಲಿ ಹೊಸದಾಗಿ ಏನಾದರೂ ಸೇರಿತೇ? ಶೀತಕ್ಕೆ ಕೊಟ್ಟ ನಿದ್ದೆ ಬರಿಸುವ ಸಿರಪ್, ತುರಿಕೆಯ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಮಾತ್ರೆ, ಹಳೆಯ ಬಗೆಯ ಖಿನ್ನತೆಯ ಮಾತ್ರೆ, ಇವುಗಳಲ್ಲಿ ಹಲವು ಮಿದುಳಿನ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತವೆ. ನೆನಪಿಗೆ ಬೇಕಾದದ್ದೇ ಅದು. ಆಲ್ಪ್ರಜೋಲಮ್ ಜಾತಿಯ ನಿದ್ದೆ ಮಾತ್ರೆಯಂತೂ 80 ದಾಟಿದವರಿಗೆ ಗೊಂದಲವನ್ನೂ ಬೀಳುವ ಅಪಾಯವನ್ನೂ ಒಟ್ಟಿಗೆ ತರುತ್ತದೆ. ‘ಪಕ್ಕದ ಮನೆಯವರಿಗೆ ಒಳ್ಳೆಯದಾಯಿತು’ ಎಂದು ಅರ್ಧ ಮಾತ್ರೆ ಸಾಲ ತರುವ ಪದ್ಧತಿ ನಮ್ಮ ಊರಲ್ಲಿ ಇನ್ನೂ ಇದೆ. ಆದರೆ ಬಹಳ ಕಾಲದಿಂದ ತೆಗೆದುಕೊಳ್ಳುತ್ತಿದ್ದ ನಿದ್ದೆ ಮಾತ್ರೆಯನ್ನು ನೀವಾಗಿ ಏಕಾಏಕಿ ನಿಲ್ಲಿಸಬೇಡಿ, ಅದರಿಂದಲೂ ಸನ್ನಿ ಬರಬಹುದು.

ಈಚೆಗೆ ಬಿದ್ದದ್ದು, ತಲೆ ತಾಗಿದ್ದು ಇದೆಯೇ ಎಂದೂ ನೆನಪು ಮಾಡಿಕೊಳ್ಳಿ. ಬಂಟ್ವಾಳ ಕಡೆಯ ಅಡಿಕೆ ಕೃಷಿಕರೊಬ್ಬರು, 76 ಪ್ರಾಯ, ಅಂಗಳದ ಪಾಚಿಯಲ್ಲಿ ಜಾರಿ ತಲೆಯನ್ನು ಕಂಬಕ್ಕೆ ತಾಗಿಸಿಕೊಂಡಿದ್ದರು. ಗುಳ್ಳೆಯಷ್ಟು ಊತ, ಎರಡು ದಿನದಲ್ಲಿ ಮಾಯ. ಐದು ವಾರದ ಮೇಲೆ ಮಾತು ಕಡಿಮೆಯಾಯಿತು, ಚಪ್ಪಲಿ ಅದಲು ಬದಲು ಹಾಕತೊಡಗಿದರು. ಮನೆಯಲ್ಲಿ ಎಲ್ಲರೂ ಪ್ರಾಯದ ಮೇಲೆ ಹಾಕಿದರು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸ್ಕ್ಯಾನ್ ಮಾಡಿದರೆ ತಲೆಬುರುಡೆಗೂ ಮಿದುಳಿಗೂ ನಡುವೆ ಹಳೆಯ ರಕ್ತ ಕಟ್ಟಿಕೊಂಡು ಮಿದುಳನ್ನು ಒತ್ತುತ್ತಿತ್ತು. ಪ್ರಾಯವಾದಂತೆ ಮಿದುಳು ಸ್ವಲ್ಪ ಕುಗ್ಗಿ ಸುತ್ತ ಜಾಗವಾಗುತ್ತದೆ, ಸಣ್ಣ ರಕ್ತನಾಳ ಹರಿದರೆ ವಾರಗಟ್ಟಲೆ ಜಿನುಗುತ್ತಾ ಇರುತ್ತದೆ. ಸಣ್ಣ ತೂತು ಕೊರೆದು ಅದನ್ನು ಹೊರಗೆ ಬಿಟ್ಟರು. ಮುಂದಿನ ತಪಾಸಣೆಗೆ ಬಂದವರು ನನ್ನ ಹತ್ತಿರ ಮಾತಾಡಿದ್ದು ಪೂರ್ತಿ ಅಡಿಕೆ ಧಾರಣೆಯ ಬಗ್ಗೆ.

ಅಂದರೆ ಅತ್ತೆಯನ್ನು ನಾಳೆ, ನಾಡಿದ್ದರೊಳಗೆ ಒಬ್ಬ ಫಿಸಿಶಿಯನ್‌ಗೆ ತೋರಿಸಿ. ಮೂತ್ರ ಪರೀಕ್ಷೆ, ಸೋಡಿಯಂ, ಸಕ್ಕರೆ, ಕಿಡ್ನಿ, ರಕ್ತದ ಎಣಿಕೆ, ಥೈರಾಯ್ಡ್, ಬಿ12, ಇಷ್ಟು ಮಾಡಿದರೆ ಮುಕ್ಕಾಲು ದಾರಿ ತಿಳಿಯಾಗುತ್ತದೆ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಜ್ವರ ಬಂದರೆ, ಒಂದು ಕೈಯೋ ಕಾಲೋ ಸೋತಂತೆ ಕಂಡರೆ ನಾಳೆಗೆ ಕಾಯುವುದು ಬೇಡ, ಆಗಲೇ ಆಸ್ಪತ್ರೆಗೆ ಹೋಗಿ.

ಇದೆಲ್ಲ ಸರಿಯಾದ ಮೇಲೂ ಸಂಜೆಯ ‘ಮನೆಗೆ ಹೋಗಬೇಕು’ ಸ್ವಲ್ಪ ಉಳಿದೀತು. ಅದಕ್ಕೆ ಬೇರೆ ಕಾರಣವಿದೆ. ಮಿದುಳಿನ ಬುಡದಲ್ಲಿ, ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ದೇಹದ ಗಡಿಯಾರದ ಒಂದು ಪುಟ್ಟ ಕೇಂದ್ರವಿದೆ. ಅದು ದಿನವೂ ಬೆಳಕಿನಿಂದ ಸಮಯ ಸರಿಹೊಂದಿಸಿಕೊಳ್ಳುತ್ತದೆ. ಪ್ರಾಯವಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಗಡಿಯಾರಕ್ಕೆ ಮುಖ್ಯವಾದ ನೀಲಿ ಬೆಳಕೇ ಒಳಗೆ ಕಡಿಮೆ ಹೋಗುತ್ತದೆ. ಮರೆವಿನ ಕಾಯಿಲೆ ಆ ಕೇಂದ್ರದ ಜೀವಕೋಶಗಳನ್ನೂ ಸವೆಸುತ್ತದೆ. ಅದರ ಮೇಲೆ ನಮ್ಮ ಹೆಂಚಿನ ಮನೆಗಳು. ಸೆಕೆಗೆ ತಂಪು, ಆದರೆ ನಡುಕೋಣೆಯಲ್ಲಿ ಹಗಲು ಹನ್ನೆರಡಕ್ಕೂ ಲೈಟ್ ಹಾಕಬೇಕು. ಒಂದೋ ಎರಡೋ ಗಾಜಿನ ಹೆಂಚಿನಿಂದ ಬೀಳುವ ಬೆಳಕಿನ ಕೋಲು ಬಿಟ್ಟರೆ ಬೇರೆ ಬೆಳಕಿಲ್ಲ. ಮನೆಯೊಳಗೆ ಬೆಳಕು ನೂರು, ಇನ್ನೂರು ಲಕ್ಸ್ ಇದ್ದರೆ, ಮೋಡ ಕವಿದ ದಿನವೂ ಅಂಗಳದಲ್ಲಿ ಸಾವಿರಗಟ್ಟಲೆ ಇರುತ್ತದೆ. ಆಷಾಢದ ಮಳೆಯಲ್ಲಿ ವಾರವಿಡೀ ಹೊರಗೆ ಬಾರದ ಅಜ್ಜಿಗೆ ಬೆಳಿಗ್ಗೆಯೂ ಒಂದೇ, ಮೂರ್ಸಂಜೆಯೂ ಒಂದೇ.

ಆದ್ದರಿಂದ ಬೆಳಿಗ್ಗೆ ಏಳೂವರೆ, ಎಂಟಕ್ಕೆ ಚಾವಡಿಯ ತುದಿಯಲ್ಲಿ, ಸಾಧ್ಯವಾದರೆ ಅಂಗಳದಲ್ಲಿ, ಅರ್ಧ ಗಂಟೆ ಕೂರಿಸಿ. ಹೂ ಕಟ್ಟುವುದೋ ಬೀನ್ಸ್ ನಾರು ತೆಗೆಯುವುದೋ ಕೈಗೊಂದು ಕೆಲಸ ಕೊಡಿ. ಸಂಜೆ ಕತ್ತಲಾಗುವ ಮೊದಲೇ, ಐದೂವರೆಗೇ, ಎಲ್ಲ ಲೈಟ್ ಹಾಕಿಬಿಡಿ. ಮಂದ ಬೆಳಕಿನಲ್ಲಿ ಗೋಡೆಯ ಮೇಲಿನ ನೆರಳು ಕಳ್ಳನಾಗುತ್ತದೆ, ಕನ್ನಡಿಯಲ್ಲಿ ಕಾಣುವವಳು ಅಪರಿಚಿತೆಯಾಗುತ್ತಾಳೆ. ನಾಲ್ಕರ ಮೇಲೆ ಕಾಫಿ ಬೇಡ, ಬೇಕೇ ಬೇಕೆಂದರೆ ಕಷಾಯ ಕೊಡಿ. ಹಗಲಿನ ನಿದ್ದೆ ಅರ್ಧ ಗಂಟೆ ದಾಟದಿರಲಿ.

ಮತ್ತೆ, ‘ಇದೇ ನಿಮ್ಮ ಮನೆ ಅಲ್ವಾ’ ಎಂದು ವಾದಿಸಬೇಡಿ. ಅವರು ಕೇಳುತ್ತಿರುವುದು ಈ ಮನೆಯನ್ನಲ್ಲ. ಮನುಷ್ಯನಿಗೆ ಹತ್ತರಿಂದ ಮೂವತ್ತರ ನಡುವಿನ ಪ್ರಾಯದ ನೆನಪುಗಳು ಉಳಿದೆಲ್ಲಕ್ಕಿಂತ ಗಟ್ಟಿಯಾಗಿ ಕೂತಿರುತ್ತವೆ, ಇದು ಆರೋಗ್ಯವಂತರಲ್ಲೂ ಕಂಡುಬಂದಿರುವ ಸಂಗತಿ. ಕಾಯಿಲೆ ಮೇಲಿನ ಪದರಗಳನ್ನು ಒಂದೊಂದಾಗಿ ತೆಗೆದಾಗ ಕೆಳಗೆ ಉಳಿಯುವುದು ಆ ಕಾಲ. ನಿಮ್ಮ ಅತ್ತೆಯ ‘ಮನೆ’ ಬಹುಶಃ ಅವರ ತವರು. ಅಲ್ಲಿ ಬಾವಿ ಯಾವ ಕಡೆ ಇತ್ತು, ಹಟ್ಟಿಯಲ್ಲಿ ಎಷ್ಟು ದನ ಇದ್ದವು ಎಂದು ಕೇಳಿ. ಅಂಗಳಕ್ಕೆ ಒಂದು ಸುತ್ತು ಹಾಕಿಸಿ, ‘ಈಗ ಕತ್ತಲಾಯ್ತು, ಬೆಳಿಗ್ಗೆ ಹೋಗುವ’ ಅನ್ನಿ. ಸುಳ್ಳು ಹೇಳಿದಂತಾಯಿತೇ ಎಂದು ಮನಸ್ಸಿಗೆ ಚುಚ್ಚುತ್ತದೆ, ಚುಚ್ಚಲಿ. ಅವರ ಭಯ ಇಳಿಯುವುದು ಮುಖ್ಯ. ತವರಿನ ಭಾಷೆ ತುಳುವೋ ಕೊಂಕಣಿಯೋ ಆಗಿದ್ದರೆ ಆ ಹೊತ್ತಿನಲ್ಲಿ ಅದರಲ್ಲೇ ಮಾತಾಡಿ. ಎಷ್ಟೋ ಮಂದಿಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ.

ಈಗ ನಿಮ್ಮ ಪ್ರಶ್ನೆ: ಯಾವ ಪ್ರಾಯಕ್ಕೆ ಎಷ್ಟು ಮರೆವು ಸಹಜ?

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಲೆಕ್ಕದಿಂದ ತೆಗೆದುಬಿಡಿ. ಭಾರತದ ಹಿರಿಯರ ಮೇಲೆ ನಡೆದ ದೊಡ್ಡ ಸಮೀಕ್ಷೆಯನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಂದಾಜಿನಂತೆ, 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವುದು ಶೇ. 7.4 ಮಂದಿಗೆ. ಒಟ್ಟು 88 ಲಕ್ಷ ಜನ, ಸಣ್ಣ ಸಂಖ್ಯೆಯಲ್ಲ. ಆದರೂ ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದು ಇಲ್ಲ.

ಸಹಜವಾಗಿ ಆಗುವುದು ಬೇರೆ. ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯ್ ಎಂಬ ಮನೋವಿಜ್ಞಾನಿ 1956ರಲ್ಲಿ ಒಂದು ಅಧ್ಯಯನ ಶುರು ಮಾಡಿ, ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೋದರು. ಅದಕ್ಕೂ ಮುಂಚೆ ಜನ ಮಾಡುತ್ತಿದ್ದುದು ಇಂದಿನ 30ರವರನ್ನೂ ಇಂದಿನ 70ರವರನ್ನೂ ಅಕ್ಕಪಕ್ಕ ಕೂರಿಸಿ ಹೋಲಿಸುವುದು. ಹಾಗೆ ಹೋಲಿಸಿದರೆ ಬುದ್ಧಿ ಮೂವತ್ತರಿಂದಲೇ ಇಳಿಯುವ ಹಾಗೆ ಕಾಣುತ್ತದೆ. ಆದರೆ 70ರವರು ಓದಿದ್ದೇ ಕಡಿಮೆ, ಬೆಳೆದದ್ದೇ ಬೇರೆ ಕಾಲದಲ್ಲಿ. ನಿಮ್ಮ ಅತ್ತೆಯನ್ನೂ ನಿಮ್ಮ ಮಗಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಪರೀಕ್ಷೆ ಕೊಟ್ಟರೆ ಸಿಗುವ ವ್ಯತ್ಯಾಸದಲ್ಲಿ ಪ್ರಾಯದ ಪಾಲೆಷ್ಟು, ಶಾಲೆಯ ಪಾಲೆಷ್ಟು? ಅದೇ ಮನುಷ್ಯನನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಚಿತ್ರ ಬದಲಾಯಿತು. ಕಣ್ಣಿಗೆ ಕಂಡದ್ದನ್ನು ಗುರುತಿಸುವ ವೇಗ ಯೌವನದಿಂದಲೇ ನಿಧಾನವಾಗಿ ಇಳಿಯುತ್ತದೆ, ಆದರೆ ಮಾತಿನ ಸಾಮರ್ಥ್ಯ ನಡುವಯಸ್ಸಿನವರೆಗೆ ಏರುತ್ತದೆ. ಹೆಚ್ಚಿನ ಸಾಮರ್ಥ್ಯಗಳಲ್ಲಿ ಗಮನಿಸುವಷ್ಟು ಇಳಿಕೆ ಸರಾಸರಿಯಲ್ಲಿ 60ರ ಮೊದಲು ಕಾಣಲಿಲ್ಲ. ‘ಬುದ್ಧಿ’ ಎಂಬ ಒಂದೇ ಡಬ್ಬ ಇಲ್ಲ, ಒಂದೊಂದಕ್ಕೂ ಅದರದೇ ಪ್ರಾಯವಿದೆ.

ನನ್ನ ಪರಿಚಯದ ತಾಳಮದ್ದಳೆಯ ಅರ್ಥಧಾರಿಯೊಬ್ಬರು ಎಪ್ಪತ್ತು ದಾಟಿದವರು. ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ಮೂರು ಸಲ ಹುಡುಕುತ್ತಾರೆ. ಅದೇ ಮನುಷ್ಯ ಕೂಟದಲ್ಲಿ ಕೃಷ್ಣನಾಗಿ ಕೂತರೆ, ಎದುರಿನ ಕೌರವ ಎಸೆದ ಅನಿರೀಕ್ಷಿತ ಪ್ರಶ್ನೆಗೆ ಐವತ್ತು ವರ್ಷದ ಓದನ್ನೆಲ್ಲ ಜಾಲಾಡಿ ಉತ್ತರ ತೆಗೆಯುತ್ತಾರೆ. ಮೊದಲಿಗಿಂತ ಒಂದು ಕ್ಷಣ ತಡವಾಗಿ, ಅಷ್ಟೇ. ಆ ಒಂದು ಕ್ಷಣವೇ ಪ್ರಾಯ. (ಇಲ್ಲಿ ಎಲ್ಲರೂ 95 ವರ್ಷ ಬಾಳಿ ಕೊನೆಯವರೆಗೂ ಬರೆದ ಶಿವರಾಮ ಕಾರಂತರ ಉದಾಹರಣೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಕಾರಂತರು ಯಾವ ಪ್ರಾಯದಲ್ಲೂ ಸರಾಸರಿ ಮನುಷ್ಯರಾಗಿರಲಿಲ್ಲ.)

ಹಾಗಾದರೆ ಹೆದರಬೇಕಾದದ್ದು ಯಾವಾಗ? ಹೆಸರು ಮರೆತು ಸಂಜೆಗೆ ನೆನಪಾದರೆ ಚಿಂತೆಯಿಲ್ಲ. ಮೂವತ್ತು ವರ್ಷ ಮಾಡಿದ ಪತ್ರೊಡೆಯ ಹದ ಯಾವಾಗ ತಪ್ಪತೊಡಗಿತು, ಹಾಲಿನವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ಹಣ ಕೊಟ್ಟದ್ದು ಯಾವಾಗಿನಿಂದ, ಗೊತ್ತಿರುವ ದಾರಿಯಲ್ಲಿ ಬಸ್ಸು ತಪ್ಪಿ ಹತ್ತಿದ್ದು ಎಷ್ಟು ಸಲ, ಇವು ಬೇರೆ. ಇನ್ನೊಂದು ಗುರುತು: ನಿಮ್ಮ ಹಾಗೆ ತನ್ನ ಮರೆವಿನ ಬಗ್ಗೆ ದಿನಾಂಕ ಸಮೇತ ಪತ್ರ ಬರೆಯುವವರಿಗಿಂತ, ‘ನನಗೆಂತದೂ ಇಲ್ಲ’ ಎಂದು ನಗುತ್ತಾ ಹೆಂಡತಿಯ ಕಡೆ ತಿರುಗಿ ಉತ್ತರ ಕೇಳುವವರ ಬಗ್ಗೆ ನಾನು ಹೆಚ್ಚು ಯೋಚಿಸುತ್ತೇನೆ.

ಮಾತಿನ ಓಟ ನೋಡಲು ಒಂದು ನಿಮಿಷದಲ್ಲಿ ಆದಷ್ಟು ಪ್ರಾಣಿಗಳ ಹೆಸರು ಹೇಳಿಸುವ ಪರೀಕ್ಷೆ ಇದೆ. ಮಲ್ಪೆಯಿಂದ ಬಂದ ಮೀನು ಮಾರುವ ಅಮ್ಮನೊಬ್ಬರು ಆನೆ, ಹುಲಿ, ದನ ಎಂದು ಆರಕ್ಕೆ ನಿಂತರು. ಪುಸ್ತಕ ನೋಡಿದರೆ ಅಪಾಯದ ಅಂಕ. ಸುಮ್ಮನೆ ಮೀನಿನ ಹೆಸರು ಹೇಳಿ ಅಂದೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ, ನಂಗ್, ಕೊಡ್ಡೆಯಿ, ತೊರಕೆ ಎಂದು ಶುರು ಮಾಡಿದವರು ನಿಮಿಷ ಮುಗಿದರೂ ನಿಲ್ಲಲಿಲ್ಲ, ನಡುವೆ ಇವತ್ತಿನ ರೇಟನ್ನೂ ಹೇಳಿದರು. ಇದು ಅಧಿಕೃತ ಪರೀಕ್ಷೆಗೆ ಬದಲಿ ಅಲ್ಲ. ಆದರೂ ಯಾರನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದನ್ನು ಆ ದಿನದಿಂದ ಮರೆತಿಲ್ಲ.

ನಿಮ್ಮ ವಿಷಯಕ್ಕೆ ಬರುತ್ತೇನೆ. 48, ಮುಟ್ಟು ಏರುಪೇರು, ರಾತ್ರಿ ಬೆವರು, ಒಂದೂವರೆ ವರ್ಷ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ಪ್ರಾಯ 46, 47ರ ಆಸುಪಾಸು. ನೀವು ಆ ಸಂಧಿಕಾಲದಲ್ಲಿದ್ದೀರಿ. ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2009ರಲ್ಲಿ ಬಂತು. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದರೆ ಅಭ್ಯಾಸಬಲದಿಂದ ಅಂಕ ಏರಬೇಕು. ಸಂಧಿಕಾಲದಲ್ಲಿ ಆ ಏರಿಕೆ ನಿಂತುಹೋಯಿತು, ಮುಟ್ಟು ಪೂರ್ತಿ ನಿಂತ ಮೇಲೆ ಮರಳಿ ಬಂತು. ಅಂದರೆ ನಿಮ್ಮ ಅನುಭವ ಭ್ರಮೆಯಲ್ಲ, ಅತ್ತೆಯ ಕಾಯಿಲೆಯ ಮುನ್ನುಡಿಯೂ ಅಲ್ಲ. ರಾತ್ರಿ ಮೂರು ಸಲ ಬೆವರಿ ಏಳುವವರು ಬೆಳಿಗ್ಗೆ ನಲವತ್ತು ಮಕ್ಕಳ ಹೆಸರು ನೆನಪಿಡುವುದೇ ದೊಡ್ಡದು.

ಬೆವರು, ನಿದ್ದೆಗೇಡು ತೀರಾ ಕಷ್ಟವಾಗಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಮಾತಾಡಿ. ಇಲ್ಲಿ ಪ್ರಾಯ ಮತ್ತು ಸಮಯದ ಆಟ ಸ್ಪಷ್ಟವಾಗಿ ಕಾಣುತ್ತದೆ. 2003ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದು 65 ದಾಟಿದ ಮಹಿಳೆಯರಿಗೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಜೊತೆಯಾಗಿ ಕೊಟ್ಟಾಗ ಡಿಮೆನ್ಶಿಯಾ ಅಪಾಯ ಎರಡು ಪಟ್ಟಾದದ್ದನ್ನು ತೋರಿಸಿತು. ಆ ಸುದ್ದಿ ಕೇಳಿ ಎಲ್ಲ ಪ್ರಾಯದವರೂ ಹೆದರಿದರು. ಆದರೆ ಮುಟ್ಟು ನಿಲ್ಲುವ ಆಸುಪಾಸಿನಲ್ಲೇ ಶುರು ಮಾಡಿದವರನ್ನು ಆಮೇಲಿನ ಪ್ರಯೋಗಗಳಲ್ಲಿ ನೋಡಿದಾಗ ನೆನಪಿಗೆ ಅಂಥ ಹಾನಿ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಹಾಗಾಗಿ ಬೆವರಿಗೆ, ನಿದ್ದೆಗೆ ಎಂದು ಯೋಚಿಸಿ, ನೆನಪಿನ ಟಾನಿಕ್ ಎಂದು ಬೇಡ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ ಆಗಿದ್ದವರಿಗೆ ಅದು ಸಾಮಾನ್ಯವಾಗಿ ಆಗದು. ಥೈರಾಯ್ಡ್, ಹಿಮೋಗ್ಲೋಬಿನ್ ಹೇಗೂ ನೋಡಿಸಿ. ಸಸ್ಯಾಹಾರಿಯಾಗಿದ್ದು ಹಾಲು ಮೊಸರೂ ಕಡಿಮೆಯಾಗಿದ್ದರೆ ಬಿ12 ಕೂಡ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಳ್ಳುವವರಲ್ಲೂ ಅದು ಇಳಿಯುತ್ತದೆ.

ನಿಮ್ಮ ಪ್ರಾಯದಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಬಿ.ಪಿ.ಯ ವಿಷಯ. ಆಲ್‌ಝೈಮರ್ಸ್‌ನಲ್ಲಿ ಮಿದುಳಿನೊಳಗಿನ ಬದಲಾವಣೆ ಮೊದಲ ಮರೆವಿಗಿಂತ 15, 20 ವರ್ಷ ಮುಂಚೆಯೇ ಶುರುವಾಗಿರುತ್ತದೆ. 80ರ ಮರೆವಿನ ಬೇರು ಅರವತ್ತರ ಆಚೀಚೆ ಇರುತ್ತದೆ. ಲಂಡನ್ನಿನ ಸರಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ವೈಟ್‌ಹಾಲ್ ಅಧ್ಯಯನದಲ್ಲಿ, 50ನೇ ಪ್ರಾಯದಲ್ಲಿ ಮೇಲಿನ ಬಿ.ಪಿ. 130 ಅಥವಾ ಹೆಚ್ಚು ಇದ್ದವರಿಗೆ ಮುಂದೆ ಡಿಮೆನ್ಶಿಯಾ ಹೆಚ್ಚು ಕಂಡಿತು. 60ರಲ್ಲಿ, 70ರಲ್ಲಿ ಅಳೆದ ಬಿ.ಪಿ.ಗೆ ಆ ನಂಟು ಕಾಣಲಿಲ್ಲ. (ಇದನ್ನು ಓದಿ ಅತ್ತೆಯ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ, ಪಾರ್ಶ್ವವಾಯು ಪ್ರಾಯ ಕೇಳುವುದಿಲ್ಲ.) ತೂಕದ್ದೂ ಅದೇ ಕತೆ. ನಡುವಯಸ್ಸಿನ ಬೊಜ್ಜು ಅಪಾಯ, ಎಪ್ಪತ್ತರ ನಂತರ ಕಾರಣವಿಲ್ಲದೆ ಸೊರಗಿದರೆ ಅದೇ ಕಾಯಿಲೆಯ ಮೊದಲ ಸುಳಿವಾಗಿರಬಹುದು. 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಬದಲಾಯಿಸಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ತಡೆದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು ಶೇ. 45ನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಹೆಚ್ಚಿನವು ನಡುವಯಸ್ಸಿಗೆ ಸೇರಿದವು. ಮೊದಲನೆಯದು ಮಾತ್ರ ಬಾಲ್ಯದ್ದು, ಶಾಲೆ. ಮೇಷ್ಟ್ರೇ, ನಿಮ್ಮ ಸಂಬಳದ ಪಟ್ಟಿಯಲ್ಲಿ ಬಾರದ ಕೆಲಸ ಅದು.

ಆ ಪಟ್ಟಿಯಲ್ಲಿ ಕಿವಿಯೂ ಇದೆ. ಇದನ್ನು ಹೇಳುವಾಗ ನನಗೆ ಸ್ವಲ್ಪ ನಾಚಿಕೆ. ನನ್ನ ತಾಯಿ ಕೇಳಿದ್ದಕ್ಕೆಲ್ಲ ಸಂಬಂಧವಿಲ್ಲದ ಉತ್ತರ ಕೊಡತೊಡಗಿದಾಗ ನಾನೂ ಒಂದು ವರ್ಷ ‘ಪ್ರಾಯ ಆಯ್ತಲ್ಲ’ ಎಂದೇ ಕೂತಿದ್ದೆ. ತಂಗಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿಯ ತುಂಬ ಗುಗ್ಗೆ, ಅದನ್ನು ತೆಗೆದ ಮೇಲೆ ಉಳಿದದ್ದು ಸಾಧಾರಣ ಕಿವುಡು. ಯಂತ್ರ ಹಾಕಿದ ವಾರ ಅವರು ಆಡಿದ ಮೊದಲ ಮಾತು, ‘ನೀನು ಇಷ್ಟು ಜೋರಾಗಿ ಯಾಕೆ ಬೊಬ್ಬೆ ಹಾಕ್ತೀ?’

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ನಮ್ಮ ಊರಿನವರಿಗೆ ಹೇಳದೆ ಬಿಡಲಾರೆ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು: ಎರಡೋ ಹೆಚ್ಚೋ ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ. ಬೇರೆ ದೇಶದ ಎಲ್ಲ ಅಧ್ಯಯನಗಳೂ ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ತುಳು, ನೆರೆಯಲ್ಲಿ ಕೊಂಕಣಿ, ಮಾರ್ಕೆಟಿನಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಎಂದು ದಿನಕ್ಕೆ ನಾಲ್ಕು ಸಲ ಗೇರ್ ಬದಲಿಸುವ ಜಿಲ್ಲೆಯವರು ಮೊಮ್ಮಕ್ಕಳ ಜೊತೆ ಇಂಗ್ಲಿಷ್ ಒಂದನ್ನೇ ಮಾತಾಡತೊಡಗಿರುವುದನ್ನು ಕಂಡಾಗ, ಇದ್ದ ಆಸ್ತಿಯನ್ನು ಪುಕ್ಕಟೆ ಕೊಟ್ಟಂತೆ ಅನ್ನಿಸುತ್ತದೆ.

ಗಂಡನ ವಿಷಯ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ನಿವೃತ್ತ ಬ್ಯಾಂಕಿನವರಿಗೆ ಕೊರತೆಯಿಲ್ಲ, ಅವರ ಮರೆವು ನನಗೆ ಚೆನ್ನಾಗಿ ಪರಿಚಯ. ಮೂವತ್ತೈದು ವರ್ಷ ಒಂಬತ್ತೂವರೆಗೆ ಕುರ್ಚಿಯಲ್ಲಿರಬೇಕಿತ್ತು. ಏಳುವುದು, ತಿನ್ನುವುದು, ನಾಲ್ಕು ಜನರ ಹತ್ತಿರ ಮಾತಾಡುವುದು, ತಪ್ಪು ಹುಡುಕುವುದು, ಎಲ್ಲಕ್ಕೂ ಹೊರಗಿನ ಗಡಿಯಾರ ಒಂದಿತ್ತು. ಒಂದೇ ದಿನದಲ್ಲಿ, ಹಾರ ಹಾಕಿ, ಫಲಪುಷ್ಪ ಕೊಟ್ಟು ಅದನ್ನು ನಿಲ್ಲಿಸಿದರು. ಅದೇ ವೈಟ್‌ಹಾಲ್ ನೌಕರರಲ್ಲಿ ನಿವೃತ್ತಿಯ ನಂತರ ಕೇಳಿದ ಮಾತನ್ನು ನೆನಪಿಡುವ ಶಕ್ತಿ ಇಳಿಯುವ ವೇಗ ಹೆಚ್ಚಾದದ್ದೂ ಕಂಡಿದೆ. 50, 60ರ ಪ್ರಾಯದಲ್ಲಿ ಆರು ಗಂಟೆ ಅಥವಾ ಕಡಿಮೆ ನಿದ್ದೆ ಮಾಡುತ್ತಿದ್ದವರಿಗೆ ಏಳು ಗಂಟೆಯವರಿಗಿಂತ ಡಿಮೆನ್ಶಿಯಾ ಹೆಚ್ಚು ಎಂದೂ ಅಲ್ಲಿ ಸಿಕ್ಕಿದೆ.

ಅವರಿಗೆ ನೆನಪಿನ ಮಾತ್ರೆ ಬೇಡ. ಮೊದಲು ನೋಡಬೇಕಾದದ್ದು ಖಿನ್ನತೆ. ಮೊದಲು ಇಷ್ಟವಿದ್ದದ್ದರಲ್ಲಿ ಈಗ ಮನಸ್ಸಿಲ್ಲವೇ, ಊಟ ಕಡಿಮೆಯಾಯಿತೇ, ‘ಇನ್ನೆಂತ ಉಂಟು’ ಎಂಬ ಮಾತು ಪದೇ ಪದೇ ಬರುತ್ತದೆಯೇ? ಎರಡು ವಾರಕ್ಕಿಂತ ಹೆಚ್ಚು ಹೀಗಿದ್ದರೆ ಮನೋವೈದ್ಯರಿಗೆ ತೋರಿಸಿ. ಕ್ಲಿನಿಕ್ಕಿಗೆ ಬರಲು ಬಿಗುಮಾನವಾದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುತ್ತದೆಯೇ ಎಂದು ನೀವೇ ಗಮನಿಸಿ. ಇವೆರಡೂ ಇಲ್ಲದಿದ್ದರೆ ಮದ್ದು ಸರಳ, ಪಾಲಿಸುವುದು ಕಷ್ಟ: ಏಳುವ ಹೊತ್ತು ಮೊದಲಿನದೇ ಇರಲಿ, ಮಧ್ಯಾಹ್ನದ ನಿದ್ದೆ ಇಪ್ಪತ್ತು ನಿಮಿಷಕ್ಕೆ ಇಳಿಯಲಿ, ಹೊರಗೆ ಹೋಗಲೇಬೇಕಾದ ಒಂದು ಕೆಲಸ ದಿನವೂ ಇರಲಿ. ಬೆಳಿಗ್ಗೆ ಅತ್ತೆಯನ್ನು ಅಂಗಳದಲ್ಲಿ ಕೂರಿಸುವ ಕೆಲಸ ಅವರದೇ ಆದರೆ ಒಂದೇ ಕಲ್ಲಿಗೆ ಎರಡು ಹಣ್ಣು.

ಮಗಳು ರಾತ್ರಿ ತಡವಾಗಿ ಮಲಗುತ್ತಾಳೆಂದು ನೀವು ಬರೆದಿಲ್ಲ, ಬರೆಯದಿದ್ದರೂ ಗೊತ್ತು. ದೇಹದ ಗಡಿಯಾರ ಹದಿಹರೆಯದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಗಿ 20ರ ಆಸುಪಾಸಿನಲ್ಲಿ ಅತಿ ತಡವಾಗುತ್ತದೆ, ಆಮೇಲೆ ವರ್ಷ ವರ್ಷಕ್ಕೆ ಮುಂದೆ ಬರುತ್ತದೆ. ಅವಳಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಮುಂಜಾನೆಯ ಟ್ಯೂಷನ್ ಇಟ್ಟವರಿಗೆ ಇದು ಗೊತ್ತಿಲ್ಲ.

ಇದೇ ಗಡಿಯಾರದ ವ್ಯತ್ಯಾಸ ಪರೀಕ್ಷೆಯ ಅಂಕವನ್ನೂ ಏರುಪೇರು ಮಾಡುತ್ತದೆ. 1993ರಲ್ಲಿ ಸಿಂಥಿಯಾ ಮೇ, ಲಿನ್ ಹ್ಯಾಶರ್ ಮತ್ತು ಸಂಗಡಿಗರು ಹಿರಿಯರನ್ನೂ ಕಾಲೇಜು ಹುಡುಗರನ್ನೂ ಬೆಳಿಗ್ಗೆ, ಮತ್ತೆ ಮಧ್ಯಾಹ್ನದ ಮೇಲೆ ಪರೀಕ್ಷಿಸಿದರು. ಬೆಳಿಗ್ಗೆ ಇಬ್ಬರ ನಡುವಿನ ಅಂತರ ಸಣ್ಣದು, ಹೊತ್ತು ಇಳಿದಂತೆ ದೊಡ್ಡದಾಯಿತು.

ಅದಕ್ಕೇ ಅತ್ತೆಯನ್ನು ಕರೆದುಕೊಂಡು ಹೋಗುವಾಗ ಬೆಳಗ್ಗಿನ ಅಪಾಯಿಂಟ್‌ಮೆಂಟ್ ಕೇಳಿ, ಹತ್ತರ ಆಸುಪಾಸು. ಕನ್ನಡಕ ಹಾಕಿಸಿ. ಮಾತ್ರೆಗಳ ಚೀಟಿ ಸಾಲದು, ಡಬ್ಬದಲ್ಲಿರುವುದನ್ನೆಲ್ಲ, ಹಾಸಿಗೆಯಡಿ ಸಿಕ್ಕ ಅರ್ಧ ಸ್ಟ್ರಿಪ್ಪನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮತ್ತೆ ಡಾಕ್ಟರು ‘ಎಷ್ಟು ಪ್ರಾಯ’ ಎಂದು ಕೇಳಿ ಮುಂದಿನ ಟೋಕನ್ ಕರೆಯುವ ಮೊದಲು, ಆ ‘ಹತ್ತು ದಿನ’ವನ್ನು ನೀವಾಗಿಯೇ ಹೇಳಿಬಿಡಿ.